ಮೈಕ್ರೋವೇವ್ ಓವನ್: ಬಲಗೋಡೆಯ ಮೈಕಾ ಹಾಳೆಯನ್ನು ಮೊದಲು ನೋಡಿ

ಬದಿಯಡ್ಕದ ಕಡೆಯ ನಮ್ಮ ಮನೆಗೆ ಈ ಮೈಕ್ರೋವೇವ್ ಓವನ್ ಬಂದ ಮೇಲೆ ಹಲವು ಮಳೆಗಾಲಗಳು ಕಳೆದಿವೆ. ಇಪ್ಪತ್ತು ಲೀಟರಿನ ಸೋಲೋ ಮಾದರಿ, ಅಂದರೆ ಅಲೆಗಳಿಂದ ಬಿಸಿಮಾಡುವುದಷ್ಟೇ, ಗ್ರಿಲ್ ಇಲ್ಲ, ತಿರುಗಿಸುವ ಗುಂಡಿ ಎರಡೇ ಎರಡು. ಉಳಿದ ವಿವರವನ್ನೆಲ್ಲ ಅಂಗಡಿಯವರೇ ಹೇಳುತ್ತಾರೆ. ಅವರು ಬಾಯಿಬಿಟ್ಟು ಹೇಳದ ಒಂದು ವಸ್ತುವಿನ ಬಗ್ಗೆ ನನಗೆ ಬರೆಯಬೇಕಾಗಿದೆ.

ಬಾಗಿಲು ತೆರೆದು ಒಳಗಿನ ಬಲಗೋಡೆಯನ್ನು ನೋಡಿ. ಹೆಚ್ಚಿನ ಮಾದರಿಗಳಲ್ಲಿ ಅಲ್ಲಿ ಅಂಗೈ ಅಗಲದ, ಮಾಸಲು ಬೂದು ಬಣ್ಣದ ತೆಳು ಹಾಳೆಯೊಂದು ಇರುತ್ತದೆ. ಪ್ಯಾಕಿಂಗಿನ ರಟ್ಟು ಉಳಿದುಹೋಗಿದೆ ಎಂದುಕೊಂಡು ಕಿತ್ತು ಎಸೆಯುವವರೂ ಇದ್ದಾರೆ. ಅದು ಮೈಕಾ, ಅಂದರೆ ಅಭ್ರಕ. ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಭಾಗದಿಂದ ಹೊರಟ ಅಲೆಗಳು ಒಳಗೆ ಬರುವ ದಾರಿಯ ಬಾಯಿಗೆ ಅದನ್ನು ಮುಚ್ಚಿರುತ್ತಾರೆ. ಅಲೆಗಳನ್ನು ಬಿಡುತ್ತದೆ, ಎಣ್ಣೆಯ ಪಸೆಯನ್ನೂ ಹಬೆಯನ್ನೂ ತಡೆಯುತ್ತದೆ. ಆದರೆ ಸಿಡಿದ ಸಾಂಬಾರಿನ ಹನಿ ಅದರ ಮೇಲೆಯೇ ಕೂರುತ್ತದೆ, ದಿನವೂ ಬಿಸಿಯಾಗುತ್ತದೆ, ಕೊನೆಗೆ ಕರಿಕಾಗುತ್ತದೆ. ಕರಿಕೆಂದರೆ ಇಂಗಾಲ, ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಕಿಡಿ ಹಾರುವುದು ಅಲ್ಲಿಂದಲೇ.

ನಮ್ಮಲ್ಲಿ ಹಾರಿದ್ದು ಮಳೆಗಾಲದ ಒಂದು ಆಟಿ ತಿಂಗಳಿನಲ್ಲಿ. ಅತ್ತೆ ಹಿಂದಿನ ದಿನದ ಪತ್ರೊಡೆ ಬಿಸಿಮಾಡಲು ಇಟ್ಟಿದ್ದರು. ಚಟಚಟ ಎಂದು ಸದ್ದು, ನೀಲಿ ಬೆಳಕು, ಹಿಂದೆಯೇ ಸುಟ್ಟ ನಾತ. ಗುಂಡಿ ತಿರುಗಿಸಿ ನಿಲ್ಲಿಸಿ ಪ್ಲಗ್ ಎಳೆದೆವು. ಸೇವಾ ಕೇಂದ್ರಕ್ಕೆ ಫೋನ್ ಮಾಡಿದರೆ, ಯಂತ್ರವನ್ನು ಕಣ್ಣಿನಿಂದ ನೋಡದೆಯೇ ಮ್ಯಾಗ್ನೆಟ್ರಾನ್ ಹೋಗಿದೆ ಎಂದುಬಿಟ್ಟರು. ಹೇಳಿದ ಮೊತ್ತ ಹೊಸದರ ಬೆಲೆಯ ಅರ್ಧದ ಹತ್ತಿರ. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಕಾಸರಗೋಡು ಪೇಟೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದೆ. ಆ ಹುಡುಗ ಹಿಂಬದಿ ಬಿಚ್ಚಲೇ ಇಲ್ಲ. ಬಾಗಿಲು ತೆರೆದು, ಒಂದೇ ಒಂದು ಸ್ಕ್ರೂ ತೆಗೆದು ಹಾಳೆಯನ್ನು ಹೊರಕ್ಕೆಳೆದು ಬೆಳಕಿಗೆ ಹಿಡಿದ. ಮೂಲೆಯಲ್ಲಿ ಕಡಲೆಕಾಳಿನ ಗಾತ್ರದ ತೂತು, ಸುತ್ತ ಕರಿ ಅಂಚು. ದೊಡ್ಡ ಮೈಕಾ ಹಾಳೆಯ ಮೇಲೆ ಹಳೆಯದನ್ನಿಟ್ಟು ಪೆನ್ಸಿಲಿನಲ್ಲಿ ಗೀಟೆಳೆದು ಕತ್ತರಿಯಲ್ಲಿ ಕತ್ತರಿಸಿ, ಒಳಗೋಡೆಯ ಎಣ್ಣೆಜಿಡ್ಡನ್ನು ಒರೆಸಿ ಕೂರಿಸಿದ. ನೂರೈವತ್ತು ರೂಪಾಯಿ. "ಚೇಚೀ, ಇದನ್ನು ದಿನಾ ಒರೆಸಿದರೆ ಸಾಕು, ಮೆಷಿನು ಕೆಡುವುದಿಲ್ಲ" ಎಂದು ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದ. ಕಂಪೆನಿಯ ಕೈಪಿಡಿಯಲ್ಲಿ ಆ ಹಾಳೆಯನ್ನು ತೆಗೆಯಬೇಡಿ ಎಂದಷ್ಟೇ ಇದೆ, ಒರೆಸಿ ಎಂದು ಎಲ್ಲಿಯೂ ಇಲ್ಲ. ಕನ್ನಡದಲ್ಲಂತೂ ಒಂದಕ್ಷರವಿಲ್ಲ, ಮಲಯಾಳದಲ್ಲಿಯೂ ಇಲ್ಲ. ಮನೆಯಲ್ಲಿ ಯಂತ್ರವನ್ನು ಹೆಚ್ಚು ಮುಟ್ಟುವವರು ಅತ್ತೆ. ಅವರಿಗೆ ಓದಲು ಬರುವ ಭಾಷೆಯಲ್ಲಿ ನಾಲ್ಕು ಸಾಲು ಅಚ್ಚು ಹಾಕಲು ಎಷ್ಟು ಖರ್ಚಾದೀತು?

ಈಗ ರಾತ್ರಿಯ ಕ್ರಮ ಹೀಗಿದೆ. ಊಟಕ್ಕೆ ಹಿಂಡಿದ ನಿಂಬೆಯ ಹೋಳುಗಳನ್ನು ಎಸೆಯುವುದಿಲ್ಲ. ಗಾಜಿನ ಬಟ್ಟಲಿನಲ್ಲಿ ಅರ್ಧದಷ್ಟು ನೀರು, ಅದರಲ್ಲಿ ಆ ಹೋಳುಗಳು, ಜೊತೆಗೆ ಒಂದು ಮರದ ಚಮಚ. ಚಮಚ ಯಾಕೆಂದರೆ, ನುಣುಪಾದ ಪಾತ್ರೆಯಲ್ಲಿ ನೀರು ಕುದಿಯುವ ಬಿಸಿ ದಾಟಿಯೂ ಗುಳ್ಳೆಯೇಳದೆ ಸುಮ್ಮನಿದ್ದು, ಮುಟ್ಟಿದ ಕ್ಷಣ ಮುಖಕ್ಕೆ ಉಕ್ಕುವುದುಂಟು. ಒಳಗೊಂದು ಮರದ ಚಮಚವಿದ್ದರೆ ಗುಳ್ಳೆ ಮೊದಲೇ ಏಳುತ್ತದೆ. ಮೂರು ನಿಮಿಷ ಓಡಿಸಿ, ಬಾಗಿಲು ತೆರೆಯದೆ ಹಾಗೆಯೇ ಬಿಡುತ್ತೇನೆ. ಅಡುಗೆಕಟ್ಟೆ ಒರೆಸಿ ಮುಗಿಯುವ ಹೊತ್ತಿಗೆ ಒಳಗೆಲ್ಲ ಹಬೆ ಕೂತು ಕಲೆ ಮೆತ್ತಗಾಗಿರುತ್ತದೆ. ಪ್ಲಗ್ ತೆಗೆದು, ಹಳೆಯ ಬೈರಾಸಿನ ತುಂಡನ್ನು ಒದ್ದೆಮಾಡಿ ಚೆನ್ನಾಗಿ ಹಿಂಡಿ ಮೊದಲು ಮೇಲ್ಛಾವಣಿ, ಆಮೇಲೆ ಗೋಡೆಗಳು, ಕೊನೆಗೆ ಬಾಗಿಲಿನ ಅಂಚು ಒರೆಸುತ್ತೇನೆ. ಮೈಕಾವನ್ನು ಮಾತ್ರ ಕೈ ಹಗುರ ಮಾಡಿ ಒರೆಸಬೇಕು, ಒತ್ತಿದರೆ ಪದರ ಏಳುತ್ತದೆ. ಪಾತ್ರೆ ಉಜ್ಜುವ ಸ್ಟೀಲಿನ ಜುಂಗನ್ನು ಒಳಗೆ ತರಲೇಬಾರದು: ಬಣ್ಣ ಕೆರೆದರೆ ನಮ್ಮ ಕರಾವಳಿಯ ತೇವದಲ್ಲಿ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ. ಗಾಜಿನ ತಟ್ಟೆಯನ್ನೂ ಅದರಡಿಯ ಚಕ್ರದ ಬಳೆಯನ್ನೂ ತೊಳೆದಿಡುತ್ತೇನೆ. ಆ ಬಳೆಯ ಸಂದಿನಲ್ಲಿ ಒಂದು ಅಗುಳು ಉಳಿದರೆ ಬೆಳಿಗ್ಗೆ ಇರುವೆಗಳ ಸಾಲು ಖಚಿತ. ಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ಮುಗ್ಗಲು ವಾಸನೆ ಇರುವುದಿಲ್ಲ.

ಸಿಡಿಯುವುದನ್ನೇ ತಡೆಯಲು ನಾನು ಕಂಡುಕೊಂಡ ಮುಚ್ಚಳ ಹಿತ್ತಿಲಿನದು. ಬೆಂಕಿಗೆ ಬಾಡಿಸಿದ ಬಾಳೆಲೆಯ ತುಂಡನ್ನು ಬಟ್ಟಲಿನ ಮೇಲೆ ಸಡಿಲವಾಗಿ ಹೊದಿಸಿದರೆ ಹಬೆಯೂ ಹೋಗುತ್ತದೆ, ಹನಿಯೂ ನಿಲ್ಲುತ್ತದೆ. ಕುಚ್ಚಲಕ್ಕಿ ಗಂಜಿಗಂತೂ ಎಲೆಯ ಪರಿಮಳವೇ ಬೇರೆ. ಪರೋಟ ಕಟ್ಟಿಕೊಡುವ ಪ್ಲಾಸ್ಟಿಕ್ ಡಬ್ಬಿಗಳನ್ನೂ ಮೆಲಮೈನ್ ತಟ್ಟೆಗಳನ್ನೂ ನಾನು ಒಳಗೆ ಬಿಡುವುದಿಲ್ಲ. ಮದುವೆಗೆ ಉಡುಗೊರೆ ಬಂದ ಚಿನ್ನದ ಅಂಚಿನ ಪಿಂಗಾಣಿಗೂ ಪ್ರವೇಶವಿಲ್ಲ, ಆ ಅಂಚು ಲೋಹವೇ ತಾನೇ.

ಇಷ್ಟು ಸಿಟ್ಟಿನ ನಡುವೆಯೂ ನಾನು ಈ ಯಂತ್ರವನ್ನು ಮಾರದಿರುವುದಕ್ಕೆ ಕಾರಣ ಹಲಸಿನ ಹಪ್ಪಳ. ಬೇಸಿಗೆಯಲ್ಲಿ ತಟ್ಟಿ ಒಣಗಿಸಿ ಡಬ್ಬಿ ತುಂಬಿಟ್ಟದ್ದು, ಜಡಿಮಳೆಯ ಸಂಜೆ ಎಣ್ಣೆ ಬಾಣಲೆಯ ಗೊಡವೆಯಿಲ್ಲದೆ ನಿಮಿಷದೊಳಗೆ ಸುಡುತ್ತದೆ. ಮೇಲೆ ತೆಂಗಿನೆಣ್ಣೆ ಸವರಿ ಕಾಯಿಚೂರಿನ ಜೊತೆ ತಿಂದರೆ ಬೇರೇನೂ ಬೇಡ. ಮೊದಲ ಹಪ್ಪಳ ಅಲ್ಲಲ್ಲಿ ಉಬ್ಬಿ ನಡುವೆ ಹಸಿಯಾಗಿಯೇ ಉಳಿದಿತ್ತು. ಒಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗೆ ತಗಲಿ ಮರಳುವಾಗ ಒಂದು ಕಡೆ ಬಿಸಿ ಹೆಚ್ಚು, ಕೆಲವೇ ಸೆಂಟಿಮೀಟರ್ ಆಚೆ ಕಡಿಮೆ. ತಟ್ಟೆ ತಿರುಗುವುದು ಅದಕ್ಕೇ. ನಡುಭಾಗ ಮಾತ್ರ ಹೆಚ್ಚು ಸರಿಯುವುದಿಲ್ಲವಾದ್ದರಿಂದ ಹಪ್ಪಳವನ್ನು ಅಂಚಿಗೆ ಇಟ್ಟು, ಅರ್ಧದಲ್ಲಿ ಮಗುಚುತ್ತೇನೆ. ಮಗುವಿನ ಹಾಲಿಗೂ ಇದೇ ಮಾತು: ಬಾಟಲಿ ತಣ್ಣಗಿದ್ದು ಒಳಗಿನ ಹಾಲು ಒಂದೆಡೆ ಬಾಯಿ ಸುಡುವಷ್ಟು ಕಾದಿರಬಹುದು. ಅದನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡುವುದೇ ವಾಸಿ.

ಅತ್ತೆಗೆ ಬಹಳ ಕಾಲ ಅಲೆಗಳು ಅನ್ನದಲ್ಲಿ ಉಳಿಯುತ್ತವೆಂಬ ಭಯವಿತ್ತು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ, ಯಂತ್ರ ನಿಂತಾಗ ಅಲೆಯೂ ನಿಲ್ಲುತ್ತದೆ ಎಂದು ವಿವರಿಸಿದೆ. ಬಾಗಿಲಿನ ಜಾಲರಿಯ ತೂತುಗಳು ಅಲೆಯ ಉದ್ದಕ್ಕಿಂತ ಎಷ್ಟೋ ಚಿಕ್ಕವು, ಹಾಗಾಗಿ ಅಲೆ ಹೊರಗೆ ಬರದು. ಅವರು ಕೊನೆಗೆ ಒಪ್ಪಿದರು. ಬಾಗಿಲು ಸೊಟ್ಟಗಾದರೆ ಅಥವಾ ಕೊಂಡಿ ಮುರಿದರೆ ಮಾತ್ರ ಓಡಿಸಬಾರದು. ಹಿಂಬದಿಯನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು: ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಅಕ್ಟೋಬರ್, ನವೆಂಬರಿನ ಸಂಜೆ ಗುಡುಗು ಕೇಳಿದ ಕೂಡಲೇ ನಮ್ಮಲ್ಲಿ ಟಿ.ವಿ.ಯ ಜೊತೆ ಇದರ ಪ್ಲಗ್ಗೂ ಹೊರಗೆ.

ಬಿಸಿಮಾಡಲು, ಹಪ್ಪಳ ಸುಡಲು ಸೋಲೋ ಮಾದರಿಯೇ ಸಾಕು. ಕೇಕ್ ಮಾಡುವ ಆಸೆಯಿಲ್ಲದವರು ಬಿಸಿಗಾಳಿಯಲ್ಲಿ ಬೇಯಿಸುವ ಕನ್ವೆಕ್ಷನ್ ಮಾದರಿಗೆ ದುಡ್ಡು ಸುರಿಯಬೇಡಿ. ಅಂಗಡಿಯಲ್ಲಿ ಬಾಗಿಲು ತೆರೆಸಿ ಮೈಕಾ ಎಲ್ಲಿದೆ, ಎಷ್ಟು ಸ್ಕ್ರೂ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಿಂದ ನಾನಂತೂ ಕೊಳ್ಳುವುದಿಲ್ಲ.