ಕಂಠೀರವದಲ್ಲಿ ಬಿಎಫ್‌ಸಿ, 2024-25: ಟಿಕೆಟ್ ದುಡ್ಡಿಗೆ ಮೋಸವಿಲ್ಲ

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಂಠೀರವ ಸ್ಟೇಡಿಯಂಗೆ ನಡೆದೇ ಹೋಗಬಹುದು. 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿ ಇಲ್ಲಿ ಆಡಿದ ಹೆಚ್ಚಿನ ಪಂದ್ಯಗಳಿಗೆ ನಾನು ಹೀಗೇ ಹೋದೆ. ಜೊತೆಗೆ ನನ್ನ ಸೋದರಮಾವ. ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು, ಬೆಂಗಳೂರಿನ ಹಳೆಯ ಟೂರ್ನಿ ಸ್ಟಾಫರ್ಡ್ ಕಪ್ ಕಾಲದಿಂದ ಫುಟ್‌ಬಾಲ್ ನೋಡಿದವರು. ಸುಮ್ಸುಮ್ನೆ ಯಾರನ್ನೂ ಹೊಗಳುವವರಲ್ಲ.

ಅದರ ಹಿಂದಿನ ಸೀಸನ್‌ನಲ್ಲಿ ನಮ್ಮ ತಂಡಕ್ಕೆ ಸಿಕ್ಕಿದ್ದು 12 ತಂಡಗಳಲ್ಲಿ ಹತ್ತನೇ ಸ್ಥಾನ. ಸೋತು ಮೆಟ್ರೋದಲ್ಲಿ ಮಾತಿಲ್ಲದೆ ವಾಪಸ್ ಬಂದ ರಾತ್ರಿಗಳು ಎಷ್ಟೋ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೋಗಿ ಸ್ಪೇನಿನ ಜೆರಾರ್ಡ್ ಜರಗೋಜಾ ಕೋಚ್ ಆಗಿ ಬಂದರು. ಅರ್ಧ ದಾರಿಯಲ್ಲಿ ಬಂದವರು ಏನು ಮಾಡೋಕಾಗುತ್ತೆ? ನಿಜವಾದ ಕೆಲಸ ಬೇಸಿಗೆಯಲ್ಲಿ ನಡೆಯಿತು. ಮುಂಬೈ ಸಿಟಿಯಿಂದ ನೊಗುವೇರಾ, ಪೆರೇರಾ ಡಿಯಾಜ್, ರಾಹುಲ್ ಭೇಕೆ ಬಂದರು. ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ ಕೂಡ ಬಂದರು.

ಮೊದಲ ಪಂದ್ಯ ಈಸ್ಟ್ ಬೆಂಗಾಲ್ ಮೇಲೆ. ಗೋಲು ಹೊಡೆದದ್ದು 19 ವರ್ಷದ ವಿನಿತ್ ವೆಂಕಟೇಶ್. ಆಮೇಲೆ ಹೈದರಾಬಾದ್ ಮೇಲೆ 3-0, ಮೋಹನ್ ಬಗಾನ್ ಮೇಲೆ 3-0. ತವರಿನ ಮೊದಲ ಮೂರು ಪಂದ್ಯದಲ್ಲಿ ಏಳು ಗೋಲು ಹೊಡೆದೆವು, ಒಂದನ್ನೂ ಬಿಟ್ಟುಕೊಡಲಿಲ್ಲ. ಬಗಾನ್ ಪಂದ್ಯದ ಮಧ್ಯೆ ಮಾವ ನನ್ನ ಮೊಣಕೈ ಹಿಡಿದು ಹೇಳಿದರು, "ನೋಡೋ, ಹೋದ ವರ್ಷ ಚೆಂಡು ಕಾಲಿಗೆ ಬಂದಮೇಲೆ ಯಾರಿಗೆ ಕೊಡೋದು ಅಂತ ಹುಡುಕ್ತಿದ್ರು. ಈಗ ಬರೋಕ್ಕೆ ಮುಂಚೆನೇ ನೋಡ್ಕೊಂಡಿರ್ತಾರೆ." ಅಲ್ಲಿಂದ ನಾನೂ ಚೆಂಡು ಬಿಟ್ಟು ನೊಗುವೇರಾ ತಲೆಯನ್ನೇ ನೋಡತೊಡಗಿದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗುತ್ತಲೇ ಇರುತ್ತಿತ್ತು. ಟಿವಿಯಲ್ಲಿ ಇದು ಕಾಣೋದಿಲ್ಲ. ಸ್ಟೇಡಿಯಂಗೇ ಹೋಗಿ ಅಂತ ನಾನು ಹೇಳೋದು ಇದಕ್ಕೇ.

ಇಡೀ ಸೀಸನ್‌ನಲ್ಲಿ ಒಂದೇ ಸಂಜೆ ಆರಿಸಿಕೋ ಅಂದರೆ ನನ್ನದು ಡಿಸೆಂಬರ್ 7. ಎದುರಿಗೆ ಕೇರಳ ಬ್ಲಾಸ್ಟರ್ಸ್. ಬೆಂಗಳೂರಿನ ಮಲಯಾಳಿಗಳೆಲ್ಲ ಹಳದಿ ಜೆರ್ಸಿ ಹಾಕಿ ಬಂದಿದ್ದರು. ಎಂಟನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ಗೋಲು, ಆಮೇಲೆ ರಯಾನ್ ವಿಲಿಯಮ್ಸ್ ಇನ್ನೊಂದು. ವಿರಾಮದ ನಂತರ ಅವರು ಎರಡು ವಾಪಸ್ ಹೊಡೆದು 2-2 ಮಾಡಿದರು. ಹಳದಿ ಕಡೆಯಿಂದ ಎದ್ದ ಗದ್ದಲಕ್ಕೆ ನನ್ನ ಹೊಟ್ಟೆಯಲ್ಲಿ ಸಂಕಟ. 73ನೇ ನಿಮಿಷಕ್ಕೆ ಮತ್ತೆ ಛೆಟ್ರಿ. ಕೊನೆಗೆ ಹೆಚ್ಚುವರಿ ಎಂಟನೇ ನಿಮಿಷದಲ್ಲಿ ಮೂರನೆಯದು. 40 ದಾಟಿದವರ ಹ್ಯಾಟ್ರಿಕ್! ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿಗೆ ಅದುವರೆಗೆ ಯಾರೂ ಮಾಡಿರಲಿಲ್ಲ. ಮಾವ ಕನ್ನಡಕ ತೆಗೆದು ಅಂಗಿ ಅಂಚಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನು ಏನೂ ಕೇಳಲಿಲ್ಲ.

ಛೆಟ್ರಿ ಆ ಸೀಸನ್‌ನಲ್ಲಿ ಹೊಡೆದದ್ದು 14 ಗೋಲು. ತಂಡ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ನಡುವೆ ಸೋಲುಗಳೂ ಇದ್ದವು. ಆದರೆ ಮಾರ್ಚ್ 29ರ ನಾಕೌಟ್‌ನಲ್ಲಿ ಮುಂಬೈ ಸಿಟಿಗೆ ಕೊಟ್ಟ 5-0 ನೋಡಿದವರು ಅವನ್ನೆಲ್ಲ ಮರೆತಿರುತ್ತಾರೆ. ಐದು ಗೋಲು, ಐದು ಬೇರೆ ಬೇರೆ ಆಟಗಾರರು. ಹೋದ ವರ್ಷ ಹತ್ತನೆಯದಾಗಿದ್ದ ತಂಡ ಇದೇನಾ ಅನ್ನಿಸಿತ್ತು.

ಗೋವಾ ವಿರುದ್ಧದ ಸೆಮಿಫೈನಲ್ ಮೊದಲ ಪಂದ್ಯವೂ ಇಲ್ಲೇ, 2-0. ಫೈನಲ್ ಕೋಲ್ಕತ್ತಾದಲ್ಲಿ. ಮಾವನ ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದೆವು. ಮೊದಲು ಮುಂದಿದ್ದು, ಆಮೇಲೆ ಹೆಚ್ಚುವರಿ ಸಮಯದಲ್ಲಿ ಬಗಾನ್‌ಗೆ 2-1ರಿಂದ ಸೋತದ್ದು ಇವತ್ತಿಗೂ ನೋವೇ.

ಹೋಗುವವರಿಗೆ ಒಂದೆರಡು ಮಾತು. ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ಸ್ವಲ್ಪ ದೂರ. ಕೆಳಗಿನ ಸಾಲು ಬೇಡ, ಮೇಲೆ ಹತ್ತಿ ಕೂತರೆ ಆಟದ ಆಕಾರ ಚೆನ್ನಾಗಿ ಕಾಣುತ್ತೆ. ಹಾಡು, ಡ್ರಮ್ಮು, ಕೂಗಾಟ ಬೇಕಾದರೆ ತಂಡದ ಅಭಿಮಾನಿಗಳ ಗುಂಪಾದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಪಕ್ಕ ಹೋಗಿ. ತೊಂಬತ್ತು ನಿಮಿಷವೂ ನಿಂತೇ ಇರಬೇಕಾಗುತ್ತೆ, ಗೊತ್ತಿರಲಿ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಆ ಹುಡುಗರಿಂದ ಸ್ವಲ್ಪ ಆಚೆ ಕೂರುವುದೇ ಒಳ್ಳೇದು. ಮಾವನಿಗೂ ಹಾಗೇ ಅಂದುಕೊಂಡಿದ್ದೆ. ಆದರೆ ಮುಂಬೈ ಪಂದ್ಯದ ದಿನ ಮೂರನೇ ಗೋಲಿಗೆ ಎದ್ದು ನಿಂತವರು, ಮುಗಿಯುವ ತನಕ ಕೂರಲೇ ಇಲ್ಲ.