1995ರ ಜಿಪ್ಸಿಗೆ 1.6 ಎಂಜಿನ್, ಐದು ಗೇರ್: ಆರು ವರ್ಷ ಓಡಿಸಿದ ಮೇಲೆ

ನೆಲಮಂಗಲ ದಾಟಿ ಕುಣಿಗಲ್ ಕಡೆ ಹೊರಟರೆ ಲಾರಿಗಳು ನನ್ನನ್ನು ಓವರ್‌ಟೇಕ್ ಮಾಡುತ್ತಿದ್ದವು. ಅದೂ ಲೋಡ್ ತುಂಬಿದ ಲಾರಿಗಳು. ನನ್ನದು 1995ರ ಮಾರುತಿ ಜಿಪ್ಸಿ. 970 ಸಿಸಿ, 45 ಬಿಎಚ್‌ಪಿ, ನಾಲ್ಕೇ ಗೇರು. ಎಪ್ಪತ್ತು ದಾಟಿದರೆ ಒಳಗೆ ಕೂತವರು ಕಿರುಚಿಕೊಂಡೇ ಮಾತಾಡಬೇಕು. ಆದರೆ ಕಲ್ಲುದಾರಿ ಸಿಕ್ಕರೆ ಮೇಕೆ ಥರ ಹತ್ತುತ್ತಿತ್ತು. ಮಾರಲು ಮನಸ್ಸಾಗಲಿಲ್ಲ. 2018ರಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಬದಲಿಸಿದೆ. ಅಲ್ಲಿಂದ ಇಲ್ಲಿಗೆ 41,000 ಕಿಲೋಮೀಟರ್ ಓಡಿದೆ.

ಹಾಕಿಸಿದ್ದು ಹಳೆಯ ಬಲೆನೊ ಸೆಡಾನ್‌ನ 1590 ಸಿಸಿ ಎಂಜಿನ್, 94 ಬಿಎಚ್‌ಪಿ. ಜೊತೆಗೆ ಆಮೇಲೆ ಬಂದ ಮಾಡೆಲ್ ಜಿಪ್ಸಿ ಕಿಂಗ್‌ನ ಐದು ಗೇರಿನ ಬಾಕ್ಸ್. ಈ ಜೋಡಿ ಯಾಕೆಂದರೆ ಕಿಂಗ್‌ನ 1.3 ಎಂಜಿನ್, ಬಲೆನೊದ 1.6 ಎಂಜಿನ್ ಎರಡೂ ಸುಜುಕಿಯ ಒಂದೇ ಕುಟುಂಬದವು. ಗೇರ್‌ಬಾಕ್ಸ್ ಬಂದು ಕೂರುವ ಬೋಲ್ಟ್‌ಗಳ ಜಾಗ ಎರಡಕ್ಕೂ ಒಂದೇ. ನನ್ನ ಹಳೆಯ 970ರದ್ದು ಬೇರೆ. ಅದಕ್ಕೇ ಎಂಜಿನ್ ಮಾತ್ರ ಬದಲಿಸಿ ಸುಮ್ನೆ ಇರಲು ಆಗಲಿಲ್ಲ.

ಎಂಜಿನ್ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ, ಎಂಜಿನ್ ನಡೆಸುವ ಕಂಪ್ಯೂಟರ್ ಮತ್ತು ಪೂರ್ತಿ ವೈರಿಂಗ್ ಸಮೇತ 45,000 ರೂಪಾಯಿ. ಗೇರ್‌ಬಾಕ್ಸ್ 16,000. ಸಣ್ಣಪುಟ್ಟದ್ದಕ್ಕೆ ಜೆಸಿ ರಸ್ತೆಗೆ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ಒಟ್ಟು ಖರ್ಚು 1,72,000. ಅಂದರೆ ತಂದ ಸಾಮಾನಿಗಿಂತ ಅದನ್ನು ಕೂರಿಸಿದ್ದೇ ಜಾಸ್ತಿ ಆಯಿತು. ಮನೆಯಲ್ಲಿ ಈ ಅಂಕಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಕೆಲಸ ಹಿಡಿದ ಭಾಯ್ ಮೊದಲ ದಿನವೇ ಹೇಳಿದ್ದರು: "ಸಾರ್, ಎಂಜಿನ್ ಮಧ್ಯಾಹ್ನದೊಳಗೆ ಕೂರಿಸ್ಬಿಡ್ತೀನಿ. ವೈರಿಂಗ್ ಯಾವತ್ತು ಮುಗಿಯುತ್ತೆ ಅಂತ ಮಾತ್ರ ಕೇಳ್ಬೇಡಿ." ಅದು ನಿಜವಾಯಿತು. ಬಲೆನೊದಲ್ಲಿ ಈ ಎಂಜಿನ್ ಅಡ್ಡಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ತಿರುಗಿಸಿ ಇಟ್ಟ ಕೂಡಲೇ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹೋಗಿ ಫೈರ್‌ವಾಲ್‌ಗೆ, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಗೆ ತಾಗಿತು. ಅಲ್ಲಿ ತಗಡನ್ನು ಬಡಿದು ಒಳಗೆ ತಳ್ಳಬೇಕಾಯಿತು. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಬಲೆನೊದ ಚೇಂಬರ್ ಕೆಳಗೆ ಮುಂದಿನ ಆಕ್ಸಲ್‌ಗೆ ಅಡ್ಡ ಬರುತ್ತಿತ್ತು, ಅದಕ್ಕೆ ಕಿಂಗ್‌ನ ಚೇಂಬರ್ ಹಾಕಿದರು. ಮೌಂಟಿಂಗ್ ಹೊಸದಾಗಿ ವೆಲ್ಡ್ ಆಯಿತು.

ಜಿಪ್ಸಿಯಲ್ಲಿ ಒಂದು ಅನುಕೂಲ ಇದೆ. ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಗೇಣುದ್ದದ ಒಂದು ಶಾಫ್ಟ್ ಇದೆ, ಅಷ್ಟೇ. ಹೊಸ ಬಾಕ್ಸ್ ಉದ್ದ ಜಾಸ್ತಿ ಇದ್ದದ್ದರಿಂದ ಆ ಶಾಫ್ಟನ್ನು ಲೇತ್‌ನಲ್ಲಿ ಕತ್ತರಿಸಿ ಗಿಡ್ಡ ಮಾಡಿಸಿದೆವು. ಇಲ್ಲಿ ನಾನು ಜಿಪುಣತನ ಮಾಡಿದೆ. ಕತ್ತರಿಸಿದ್ದು ಸರಿ, ಬ್ಯಾಲೆನ್ಸಿಂಗ್‌ಗೆ ಕಳಿಸಲಿಲ್ಲ. ಎಂಟು ತಿಂಗಳು ಸೀಟಿನ ಕೆಳಗೆ ಸಣ್ಣ ನಡುಕ. ಆಮೇಲೆ ಸಕಲೇಶಪುರದ ಹತ್ತಿರ ಒಂದು ತೋಟದ ಕೆಸರಿನಲ್ಲಿ ಆ ಶಾಫ್ಟಿನ ಕೀಲಿನ ಕ್ರಾಸ್ ಬೇರಿಂಗ್ ಮುರಿದು, ಟ್ರ್ಯಾಕ್ಟರ್ ಹಗ್ಗದಲ್ಲಿ ಹೊರಗೆ ಬಂದೆ. ಉಳಿಸಿದ್ದು 900 ರೂಪಾಯಿ.

ಇನ್ನೊಂದು ಪಾಠ ಪೆಟ್ರೋಲಿನದು. ಹಳೆಯ ಕಾರ್ಬುರೇಟರ್ ಗಾಡಿಗೆ ಎಂಜಿನ್ ಮೇಲೇ ಇರುವ ಸಣ್ಣ ಪಂಪ್ ಸಾಕಿತ್ತು. ಬಲೆನೊದ್ದು ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಎಂಜಿನ್; ಇದಕ್ಕೆ ಜೋರು ಒತ್ತಡದ ಎಲೆಕ್ಟ್ರಿಕ್ ಪಂಪ್ ಬೇಕು, ಉಳಿದ ಪೆಟ್ರೋಲ್ ವಾಪಸ್ ಹೋಗಲು ಬೇರೆ ಪೈಪ್ ಬೇಕು. ಅದೆಲ್ಲ ಹಾಕಿಸಿದೆ. ಊರಲ್ಲಿ ಚೆನ್ನಾಗೇ ಓಡಿತು. ಆದರೆ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಕಡಿದಾದ ಏರು ಹತ್ತಿದರೆ ಪೆಟ್ರೋಲ್ ಒಂದು ಮೂಲೆಗೆ ಸರಿದು, ಪಂಪ್ ಗಾಳಿ ಎಳೆದು, ಎಂಜಿನ್ ಆಫ್. ಏರಿನ ಮಧ್ಯದಲ್ಲಿ ಎಂಜಿನ್ ಆಫ್ ಆದರೆ ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರ್ ಕೂಡ ಕೈಕೊಡುತ್ತದೆ, ನೆನಪಿರಲಿ. ಕೊನೆಗೆ ಪಂಪಿನ ಮುಂದೆ ಒಂದು ಲೀಟರ್ ಹಿಡಿಯುವ ಪುಟ್ಟ ಟ್ಯಾಂಕ್ ಕೂರಿಸಿದ ಮೇಲೆ ತೊಂದರೆ ಹೋಯಿತು.

ವೈರಿಂಗ್ ಎರಡು ಸಲ ಆಯಿತು. ಮೊದಲು ಮಾಡಿದವರು ಕಂಪ್ಯೂಟರಿನ ಅರ್ತ್ ಸರಿಯಾಗಿ ಕೊಟ್ಟಿರಲಿಲ್ಲ. ಮಳೆ ಬಂದರೆ ಗಾಡಿ ಜಗ್ಗುತ್ತಿತ್ತು. ಎರಡನೆಯವರು ಎಲ್ಲ ಬಿಚ್ಚಿ, ಕಂಪ್ಯೂಟರನ್ನು ಡ್ಯಾಶ್‌ಬೋರ್ಡ್ ಒಳಗೆ ಎತ್ತರದಲ್ಲಿ ಕಟ್ಟಿದರು. ಹೊಳೆ ದಾಟುವವರಿಗೆ ಇದು ಮುಖ್ಯ. ಹೀಟ್ ವಿಷಯಕ್ಕೆ ದೊಡ್ಡ ರೇಡಿಯೇಟರ್ ಜೊತೆಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ದೇನೆ, ನೀರಿಗಿಳಿಯುವಾಗ ಆಫ್ ಮಾಡಲು ಸ್ವಿಚ್ ಇದೆ. ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಮುಕ್ಕಾಲು ಗಂಟೆ ನಿಂತಿದ್ದೇನೆ, ಮುಳ್ಳು ಅರ್ಧದ ಮೇಲೆ ಹೋಗಿಲ್ಲ.

ಓಡಿಸಲು ಹೇಗಿದೆ? ಪಿಕಪ್ ಬಗ್ಗೆ ಹೇಳುವುದೇ ಬೇಡ, ಬಲ ಎರಡರಷ್ಟಾಗಿದೆ. ಆದರೆ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಐದನೇ ಗೇರ್. ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ಎರಡೂ ಹಳೆಯವೇ. ಸಣ್ಣ ಎಂಜಿನ್ ಗಾಡಿಯನ್ನು ಎಳೆಯಲಿ ಅಂತ ಕಂಪನಿ ಅವುಗಳಲ್ಲಿ ಹಲ್ಲಿನ ಲೆಕ್ಕ ಹಾಗೆ ಇಟ್ಟಿದೆ. ಮಾಮೂಲಿ ರಸ್ತೆಗೆ ಬಳಸುವ ಹೈನಲ್ಲಿ ಇದ್ದಾಗಲೂ ಟ್ರಾನ್ಸ್‌ಫರ್ ಕೇಸ್ ವೇಗ ಇಳಿಸಿಯೇ ಕಳಿಸುತ್ತದೆ. ಹಾಗಾಗಿ ನಾಲ್ಕೂ ಚಕ್ರ ನಿಧಾನವಾಗಿ, ಜೋರಾಗಿ ಎಳೆಯುವ ಫೋರ್ ಲೋ ಹಾಕಿದರೆ ಆಕ್ಸಿಲರೇಟರ್ ಮುಟ್ಟದೆ ಬಂಡೆ ಹತ್ತುತ್ತದೆ. ಹೈವೇಯಲ್ಲಿ ಮಾತ್ರ ಐದನೇ ಗೇರ್ ಇಲ್ಲದಿದ್ದರೆ ಈ 1.6 ಕೂಡ ಕಿರುಚಾಡುತ್ತಿತ್ತು. ಎಂಬತ್ತರಲ್ಲಿ ಈಗ ಆರಾಮ. ನೂರಕ್ಕೆ ಹೋಗಬಲ್ಲದು, ನಾನು ಹೋಗುವುದಿಲ್ಲ. ಕೆಳಗಿರುವುದು ಅದೇ ಎಲೆ ಸ್ಪ್ರಿಂಗ್, ಅದೇ ಇಕ್ಕಟ್ಟಿನ ಬಾಡಿ. ಬ್ರೇಕ್ ಪೂರ್ತಿ ಹೊಸದು ಮಾಡಿಸಿದ ಮೇಲೂ ಧೈರ್ಯ ಬರುವುದಿಲ್ಲ. ಮೈಲೇಜ್ ಊರಲ್ಲಿ 9, ಹೊರಗೆ 12.

ಕಾಗದದ ವಿಷಯ ಗಟ್ಟಿಯಾಗಿ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ಥರದ ಬದಲಾವಣೆಗೆ ಸಂಬಂಧಿಸಿದ್ದು. ನಾನು ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ ಬದಲಿಸಿಕೊಳ್ಳಲು ನಾಲ್ಕು ತಿಂಗಳು ಓಡಾಡಿದೆ. ಗುಜರಿಯ ಬಿಲ್, ಎಂಜಿನ್ ಬಂದ ಕಾರಿನ ಕಾಗದ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ. ಆಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎಂದಿತು. ಆದ್ದರಿಂದ ನನಗೆ ಆಯಿತು ಅಂತ ನಿಮಗೂ ಆಗುತ್ತದೆ ಎಂದುಕೊಳ್ಳಬೇಡಿ. ಎಂಜಿನ್‌ಗೆ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಮತ್ತೆ ಮಾಡಿಸುವುದಾದರೆ? ಗೇರ್‌ಬಾಕ್ಸ್ ಇದೇ. ಎಂಜಿನ್ ಮಾತ್ರ ಕಿಂಗ್‌ನ 1.3 ಎಂಪಿಎಫ್‌ಐ, 80 ಬಿಎಚ್‌ಪಿಯದು. ಹದಿನಾಲ್ಕು ಬಿಎಚ್‌ಪಿ ಕಡಿಮೆ, ಆದರೆ ಅದು ಉದ್ದಕ್ಕೆ ಕೂರಲೆಂದೇ ಮಾಡಿದ್ದು. ಫೈರ್‌ವಾಲ್ ಬಡಿಯುವುದು, ಚೇಂಬರ್ ಹುಡುಕುವುದು ಎರಡೂ ತಪ್ಪುತ್ತಿತ್ತು. ಬಲೆನೊ ಸಾಮಾನು ಈಗ ಗುಜರಿಯಲ್ಲೂ ಅಪರೂಪ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಂದನ್ನು ಬಟ್ಟೆ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡೇ ತಿರುಗುತ್ತೇನೆ.

ಸದ್ಯ ಗಾಡಿ ಗ್ಯಾರೇಜಿನಲ್ಲಿದೆ. ಟ್ರಾನ್ಸ್‌ಫರ್ ಕೇಸಿನ ಸೀಲಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಶನಿವಾರ ಕೊಡುತ್ತೇನೆ ಅಂದಿದ್ದಾರೆ ಭಾಯ್. ಯಾವ ಶನಿವಾರ ಅಂತ ಹೇಳಿಲ್ಲ.