ಡಬ್ಬದ ಮೇಲೆ ‘5 ಕೆಜಿ’ ಅಂತಿರುತ್ತದೆ, ಒಂದೂವರೆ ಕೆಜಿಗೇ ಮಗುಚುತ್ತದೆ

ಕಾಸರಗೋಡಿನ ಬೇಕಲ ಕೋಟೆಯಲ್ಲಿ ಗೇಣುದ್ದದ ಟ್ರೈಪಾಡಿನಿಂದ ಕ್ಯಾಮೆರಾ ಬೀಳುವುದು ಹೊಸತೇನಲ್ಲ. ಈಚೆಗೆ ಬಿದ್ದದ್ದು ಒಂದು ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬಾಡಿ, ಅದಕ್ಕೆ ಹಾಕಿದ್ದ 24-70 ಮಿ.ಮೀ. ಜೂಮ್ ಲೆನ್ಸ್ ಸಮೇತ. ಬಿದ್ದದ್ದು ಕಡಲಿಗಲ್ಲ, ಮೊಣಕಾಲೆತ್ತರದ ಮುರಕಲ್ಲಿನ ಕಟ್ಟೆಯಿಂದ ನೆಲಕ್ಕೆ. ಅಷ್ಟಕ್ಕೇ ಫಿಲ್ಟರ್ ರಿಂಗ್ ನೆಗ್ಗಿತು, ಲೆನ್ಸ್ ಮೌಂಟ್ ಒಂದು ಬದಿಗೆ ವಾಲಿತು, ಆಮೇಲೆ ತೆಗೆದ ಚಿತ್ರಗಳಲ್ಲೆಲ್ಲ ಎಡಭಾಗ ಮಾತ್ರ ಮಂಕು. ಬಿದ್ದು ಆದ ಹಾನಿ ವಾರಂಟಿಗೆ ಬರುವುದಿಲ್ಲ. ಟ್ರೈಪಾಡ್ ಎತ್ತಿ ನೋಡಿದರೆ ಒಂದು ಕೀಲೂ ಮುರಿದಿಲ್ಲ, ಒಂದು ಸ್ಕ್ರೂ ಸಡಿಲವಾಗಿಲ್ಲ. ಕಾಲು ಹರಡಿ ನಿಂತದ್ದು ನಿಂತ ಹಾಗೆಯೇ ಮುಂದಕ್ಕೆ ಮಗುಚಿತ್ತು, ಅಷ್ಟೆ.

ಇದರಲ್ಲಿ ಗಾಳಿಯ ತಪ್ಪೂ ಇಲ್ಲ, ಗ್ರಹಚಾರವೂ ಇಲ್ಲ. ಡಬ್ಬದ ಮೇಲಿನ ತೂಕದ ಅಂಕಿಯನ್ನು ನಂಬಿ ಕೊಂಡದ್ದೇ ಕಾರಣ. ಆ ಅಂಕಿ, ನೇರ ಮೇಲಿನಿಂದ ಹೊರೆ ಹೇರಿದರೆ ಕಾಲು ಮತ್ತು ಕೀಲು ಎಷ್ಟು ತಾಳುತ್ತವೆ ಎಂಬುದನ್ನಷ್ಟೇ ಹೇಳುತ್ತದೆ. ಎಲ್ಲ ಕಂಪನಿಯವರೂ ಅದನ್ನು ಒಂದೇ ರೀತಿಯಲ್ಲಿ ಅಳೆಯುವುದೂ ಇಲ್ಲ. ಮುಂದಕ್ಕೆ ಚಾಚಿಕೊಂಡ ಲೆನ್ಸ್ ಇದ್ದಾಗ ಮಗುಚುತ್ತದೋ ಇಲ್ಲವೋ ಎಂಬುದು ಕಾಲಿನ ಗಟ್ಟಿತನಕ್ಕೆ ಸಂಬಂಧಿಸಿದ್ದಲ್ಲ, ಕಾಲು ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಅಗಲವನ್ನು ಯಾರೂ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಲೆಕ್ಕ ಹೀಗೆ. ಮೂರು ಪಾದಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ. ಒಟ್ಟು ಭಾರದ ಕೇಂದ್ರ ಅದರ ಒಳಗೆ ಬೀಳುವ ತನಕ ಟ್ರೈಪಾಡ್ ನಿಲ್ಲುತ್ತದೆ, ಗೆರೆ ದಾಟಿದರೆ ಉರುಳುತ್ತದೆ. ನಡುವಿನಿಂದ ಪ್ರತಿ ಪಾದಕ್ಕೆ 10 ಸೆಂ.ಮೀ. ದೂರ ಇದ್ದರೆ, ಎರಡು ಪಾದಗಳ ನಡುವಿನ ಗೆರೆಗೆ ಅದರ ಅರ್ಧ ಮಾತ್ರ, ಅಂದರೆ 5 ಸೆಂ.ಮೀ. ಈಗ 650 ಗ್ರಾಮಿನ ಬಾಡಿಗೆ 800 ಗ್ರಾಮಿನ ಲೆನ್ಸ್ ಹಾಕಿ. ಲೆನ್ಸಿನ ಭಾರ, ಬಾಡಿಯನ್ನು ಟ್ರೈಪಾಡಿಗೆ ಬಿಗಿಯುವ ಸ್ಕ್ರೂವಿನಿಂದ ಸುಮಾರು 9 ಸೆಂ.ಮೀ. ಮುಂದೆ ಇದ್ದರೆ ಎರಡೂ ಸೇರಿದ ಭಾರದ ಕೇಂದ್ರ 5 ಸೆಂ.ಮೀ. ಮುಂದೆ ಬರುತ್ತದೆ. ಸರಿಯಾಗಿ ಗೆರೆಯ ಮೇಲೆ! ಟ್ರೈಪಾಡಿನ ಸ್ವಂತ ತೂಕ, ಒಂದು 250 ಗ್ರಾಂ, ಹಿಂದಕ್ಕೆ ಹಿಡಿದುಕೊಂಡಿರುವುದರಿಂದ ಅಂಗಡಿಯ ಮೇಜಿನ ಮೇಲೆ ಅದು ಚೆಂದವಾಗಿ ನಿಲ್ಲುತ್ತದೆ.

ಬುರುಜಿನ ಮೇಲೆ ಹೋದವರು ಕ್ಯಾಮೆರಾವನ್ನು ನೇರ ಇಡುವುದಿಲ್ಲ. ಕೆಳಗಿನ ಬಂಡೆಗೆ ಬಡಿಯುವ ತೆರೆ ಬೇಕು, ಅದಕ್ಕಾಗಿ 20 ಡಿಗ್ರಿ ಕೆಳಕ್ಕೆ ಬಗ್ಗಿಸುತ್ತಾರೆ. ಬಾಲ್ ಹೆಡ್ಡಿನ (ಕ್ಯಾಮೆರಾವನ್ನು ಬೇಕಾದ ಕಡೆಗೆ ಬಗ್ಗಿಸಲು ಟ್ರೈಪಾಡಿನ ತಲೆಯಲ್ಲಿರುವ ಗುಂಡುಕೀಲು) ಗುಂಡಿನಿಂದ ಲೆನ್ಸಿನ ನಡುವಿಗೆ 6 ಸೆಂ.ಮೀ. ಎತ್ತರ ಇದ್ದರೆ, ಆ ಬಾಗುವಿಕೆಯೊಂದಕ್ಕೇ ಭಾರದ ಕೇಂದ್ರ 6.7 ಸೆಂ.ಮೀ.ಗೆ ಸರಿಯುತ್ತದೆ. ಆಗ ಮುಂದಕ್ಕೆ ಬೀಳಿಸುವ ಬಲ ಹಿಂದಕ್ಕೆ ಹಿಡಿಯುವ ಬಲದ ಹೆಚ್ಚುಕಡಿಮೆ ಎರಡು ಪಟ್ಟು. ಕೈ ಬಿಟ್ಟ ಕ್ಷಣ ಬೀಳುತ್ತದೆ. ಕೈ ಬಿಡುವುದು ಯಾವಾಗ? ಟೈಮರ್ ಒತ್ತಿದ ಮೇಲೆ.

ಹಾಗಾಗಿ ಮೊದಲ ನಿಯಮ: ಒಂದು ಕಾಲು ಯಾವತ್ತೂ ಲೆನ್ಸಿನ ನೇರ ಕೆಳಗೆ, ಮುಂದಕ್ಕೆ ಚಾಚಿರಬೇಕು. ಆಗ ಆ ದಿಕ್ಕಿನಲ್ಲಿ 5ರ ಬದಲು 10 ಸೆಂ.ಮೀ. ಆಸರೆ ಸಿಗುತ್ತದೆ. ಆದರೆ ಇದರಲ್ಲೂ ಒಂದು ಪೇಚಿದೆ. ಮುಂದಿನ ಪಾದದ ಕಡೆಗೆ ಹೋದಷ್ಟೂ ತ್ರಿಕೋನ ಕಿರಿದಾಗುತ್ತದೆ. ಮೇಲಿನ ಲೆಕ್ಕದಲ್ಲಿ ಅಕ್ಕಪಕ್ಕಕ್ಕೆ ಉಳಿಯುವುದು ತಲಾ ಎರಡೂವರೆ ಸೆಂ.ಮೀ. ಅದನ್ನು ಮಗುಚಲು ಪಕ್ಕದಿಂದ ಬೀಸುವ ಗಾಳಿಯೋ ಜೋತುಬಿದ್ದ ಪಟ್ಟಿಗೆ ತಾಗಿದ ಕೈಯೋ ಸಾಕು. ಭಾರದ ಲೆನ್ಸ್ ಬಿಡಲಾರೆ ಎನ್ನುವವರು 10 ಸೆಂ.ಮೀ. ಉದ್ದದ ಆರ್ಕಾ ಪ್ಲೇಟನ್ನು (ಕ್ಯಾಮೆರಾದ ತಳಕ್ಕೆ ಬಿಗಿದು, ಹೆಡ್ಡಿನ ಮೇಲೆ ಹಿಂದೆ ಮುಂದೆ ಸರಿಸಬಹುದಾದ ಲೋಹದ ಪಟ್ಟಿ) ಲೆನ್ಸಿನ ದಿಕ್ಕಿಗೆ ಹಾಕಿ, ಕ್ಯಾಮೆರಾವನ್ನು 4-5 ಸೆಂ.ಮೀ. ಹಿಂದಕ್ಕೆ ಸರಿಸಿ ಬಿಗಿಯಬೇಕು. ಇದಕ್ಕೆ ಆರ್ಕಾ ಕ್ಲ್ಯಾಂಪ್ ಇರುವ ಹೆಡ್ ಬೇಕು, ಸಣ್ಣ ಟ್ರೈಪಾಡುಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಕಾಲರ್ (ಟ್ರೈಪಾಡಿಗೆ ಬಿಗಿಯಲೆಂದು ಲೆನ್ಸಿನ ಸುತ್ತ ಹಾಕಿದ ಬಳೆ) ಇರುವ ಟೆಲಿ ಲೆನ್ಸ್ ಆದರೆ ಕಾಲರಿಗೇ ಸ್ಕ್ರೂ ಹಾಕಿ, ಬಾಡಿಗಲ್ಲ.

ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ ತೆಗೆಯುವವರಿಗೆ ಇನ್ನೊಂದು ಮಾತು. ಬಾಲ್ ಹೆಡ್ಡಿನ ಪಕ್ಕದ ಕಚ್ಚಿಗೆ ಇಳಿಸಿದ ಕೂಡಲೇ ಇಡೀ ಕ್ಯಾಮೆರಾ 6 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ, ಲೆನ್ಸ್ ಮೊದಲೇ ಮುಂದಕ್ಕೆ ಎಳೆಯುತ್ತಿರುತ್ತದೆ. ಗೇಣುದ್ದದ ಟ್ರೈಪಾಡಿನಲ್ಲಿ ಈ ಕೆಲಸವೇ ಬೇಡ. ಅಗಲಕ್ಕೆ ತೆಗೆದು ಮನೆಗೆ ಬಂದು ಕತ್ತರಿಸಿ. ಫೋನಿಗೆ ಮಾತ್ರ ಈ ತಲೆನೋವಿಲ್ಲ. 200 ಗ್ರಾಮಿನ ಫೋನನ್ನು ಹೇಗೆ ಇಟ್ಟರೂ ನಿಲ್ಲುತ್ತದೆ. ಅಲ್ಲಿ ಕೈಕೊಡುವುದು ಸ್ಪ್ರಿಂಗ್ ಕ್ಲ್ಯಾಂಪ್. ದಪ್ಪ ಕವರ್ ಹಾಕಿದ ಫೋನ್ ಅದರಿಂದ ನುಣುಚಿಕೊಳ್ಳುತ್ತದೆ, ಇಲ್ಲವಾದರೆ ಕ್ಲ್ಯಾಂಪಿನ ಹಲ್ಲು ಪಕ್ಕದ ಬಟನ್ನನ್ನೇ ಒತ್ತಿಹಿಡಿಯುತ್ತದೆ. ತಿರುಪಿ ಬಿಗಿಯುವ ಕ್ಲ್ಯಾಂಪನ್ನೇ ಕೊಳ್ಳಿ.

ಮಗುಚದೆ ನಿಂತರೂ ಚಿತ್ರ ಹಾಳಾಗುವ ದಾರಿಗಳಿವೆ. ಸಣ್ಣ ಹೆಡ್ಡಿನ ಗುಂಡು 15-20 ಮಿ.ಮೀ. ಇರುತ್ತದೆ. ಗುಂಡು ಚಿಕ್ಕದಾದಷ್ಟೂ ಹಿಡಿತ ಕಡಿಮೆ. ಅದಕ್ಕೆ ಸನ್‌ಸ್ಕ್ರೀನೋ ತೆಂಗಿನೆಣ್ಣೆಯೋ ತಾಗಿದ ಬೆರಳು ಮುಟ್ಟಿತೆಂದರೆ ಮುಗಿಯಿತು. ಬಿಗಿದಾಗ ಸರಿ ಇದ್ದ ಚೌಕಟ್ಟು 30 ಸೆಕೆಂಡಿನ ಎಕ್ಸ್‌ಪೋಶರ್ ಮುಗಿಯುವಷ್ಟರಲ್ಲಿ ಕೂದಲೆಳೆ ಕೆಳಗಿಳಿದಿರುತ್ತದೆ, ದೂರದ ದೀಪಗಳೆಲ್ಲ ಸಣ್ಣ ಗೆರೆಗಳಾಗಿ ಬಂದಿರುತ್ತವೆ. ಪರೀಕ್ಷೆ ಸುಲಭ: ಬಿಗಿದ ಮೇಲೆ ಪರದೆಯಲ್ಲಿ ಒಂದು ಮೂಲೆಯನ್ನು 10 ಪಟ್ಟು ಹಿಗ್ಗಿಸಿ ಅರ್ಧ ನಿಮಿಷ ನೋಡಿ. ಜಾರಿದರೆ ಗುಂಡನ್ನು ಒಣ ಬಟ್ಟೆಯಲ್ಲಿ ಸ್ಪಿರಿಟ್ ಹಾಕಿ ಒರೆಸಿ. ಆಮೇಲೂ ಜಾರಿದರೆ ಆ ಹೆಡ್ ನಿಮ್ಮ ಲೆನ್ಸಿಗಲ್ಲ. ಕಂಬಿಗೆ ಸುತ್ತುವ, ಗುಂಡುಗುಂಡಾಗಿ ಪೋಣಿಸಿದ ಕಾಲಿನ ಟ್ರೈಪಾಡುಗಳಲ್ಲಂತೂ ಇಂಥ ಹತ್ತಾರು ಕೀಲು, ಬಳಸಿದಷ್ಟೂ ಸಡಿಲ.

ಸ್ಕ್ರೂ ಕಾಲಿಂಚಿನದು, ಇಂಚಿಗೆ 20 ಸುತ್ತು. ಇದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಎತ್ತರ ಮಾತ್ರ ಒಂದೇ ಅಲ್ಲ. ಪ್ಲೇಟಿನಿಂದ ಮೇಲಕ್ಕೆ 5.5 ಮಿ.ಮೀ.ಗಿಂತ ಹೆಚ್ಚು ಚಾಚಿದ್ದರೆ ಹಲವು ಕ್ಯಾಮೆರಾಗಳಲ್ಲಿ, ಅದು ಪ್ಲೇಟಿಗೆ ಕೂರುವ ಮೊದಲೇ ಸ್ಕ್ರೂವಿನ ತುದಿ ತಳಕ್ಕೆ ತಾಗುತ್ತದೆ. ಬಿಗಿಯಾಗಿಲ್ಲವೆಂದು ಇನ್ನೂ ತಿರುಗಿಸಿದರೆ ಹೋಗುವುದು ಕ್ಯಾಮೆರಾದ ತಳ. ಅಗ್ಗದ ಪ್ಲೇಟ್ ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ನೋಡುವುದರಲ್ಲಿ ನಾಚಿಕೆ ಏನೂ ಇಲ್ಲ. ಹಾಕುವಾಗ ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಸುತ್ತು ಕೂತ ‘ಟಕ್’ ಗೊತ್ತಾದ ಮೇಲೆ ಬೆರಳಲ್ಲೇ ಮುಂದಕ್ಕೆ.

ನಮ್ಮ ಕಡೆಯ ನೆಲದ ಬಗ್ಗೆ ಹೇಳಲೇಬೇಕು. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆಯೂ ಚಂದ್ರಗಿರಿ ಕೋಟೆಯೂ ಮುರಕಲ್ಲಿನವು. ಮುರಕಲ್ಲಿನ ಮೈತುಂಬ ತೂತು. ಬೆರಳ ತುದಿಯಷ್ಟಿರುವ ರಬ್ಬರ್ ಪಾದ ಒಂದು ತೂತಿನ ಅಂಚಿಗೆ ಕೂತಿರುತ್ತದೆ, ಶಟರ್ ಒತ್ತಿದಾಗ ಒಳಗೆ ಜಾರುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಬೇರೆ. ಇಂಥ ಗೋಡೆಯ ಮೇಲೆ ಟ್ರೈಪಾಡಿಗಿಂತ ಧಾನ್ಯದ ಚೀಲ ಎಷ್ಟೋ ಮೇಲು: ದಪ್ಪ ಬಟ್ಟೆಯ ಚೀಲಕ್ಕೆ 600 ಗ್ರಾಂ ಹುರುಳಿ, ಮುಕ್ಕಾಲು ಭಾಗ ಮಾತ್ರ ತುಂಬಿ ಹೊಲಿದು, ಲೆನ್ಸನ್ನು ಅದರ ಮೇಲೆ ಒತ್ತಿ ಕೂರಿಸಿದರೆ ಮಗುಚುವ ಪ್ರಶ್ನೆಯೇ ಇಲ್ಲ. (ಜೂನ್‌ನಿಂದ ಸೆಪ್ಟೆಂಬರ್ ತನಕ ಹುರುಳಿ ಮೊಳಕೆ ಬಂದರೆ ನಮ್ಮನ್ನು ಬೈಯಬೇಡಿ, ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಿ.) ಬೇಕಲ ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯದ್ದು. ಟ್ರೈಪಾಡಿಗೆ ಅನುಮತಿ ಎಲ್ಲಿ ಎಂದು ಕಾವಲಿನವರು ಕೇಳಿದರೆ, ‘ಇದು ಚಿಕ್ಕದು’ ಎಂಬ ವಾದ ನಡೆಯುವುದಿಲ್ಲ. ಚೀಲಕ್ಕೆ ಆ ಪ್ರಶ್ನೆ ಬಂದದ್ದು ನಾವು ಕಂಡಿಲ್ಲ.

ಹೊಯ್ಗೆಯಲ್ಲಿ ಪಾದ ಹೂತುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಒಂದು ತೆಳು ತೆರೆ ಬಂದು ಹಿಂದೆ ಸರಿಯುವಾಗ ಪಾದದ ಸುತ್ತಲಿನ ಹೊಯ್ಗೆಯನ್ನು ತೋಡಿಕೊಂಡು ಹೋಗುತ್ತದೆ ಎಂಬುದು. ನೀರು ಮುಟ್ಟಿದ ಒದ್ದೆ ಗುರುತಿನಿಂದ ಮೇಲೆಯೇ ಇಡಿ, ಕೆಳಗೆ ಒಂದು ಹಲಗೆಯ ತುಂಡು ಇರಲಿ. ಚಂದ್ರಗಿರಿ ಸೇತುವೆಯ ಮೇಲೆ ಲಾರಿ ಹೋದಾಗಲೆಲ್ಲ ಕಂಪನ. ಲಾರಿ ದಾಟಿದ ಮೇಲೆ ಶಟರ್, ಅದೂ ಎರಡು ಸೆಕೆಂಡಿನ ಟೈಮರಿನಲ್ಲಲ್ಲ, ಹತ್ತು ಸೆಕೆಂಡಿನದರಲ್ಲಿ, ಏಕೆಂದರೆ ಈ ಪುಟ್ಟ ಕಾಲುಗಳು ಬೆರಳ ಒತ್ತಿನಿಂದಲೇ ಮೂರು ನಾಲ್ಕು ಸೆಕೆಂಡ್ ನಡುಗುತ್ತವೆ. ವಲಿಯಪರಂಬದ ಹಿನ್ನೀರಿನ ದೋಣಿಯಲ್ಲಿ ಮೇಜಿನ ಮೇಲೆ ಇಟ್ಟರೆ ಇಂಜಿನ್ನಿನ ನಡುಕ ಪೂರ್ತಿ ಕ್ಯಾಮೆರಾಕ್ಕೇ. ಅಲ್ಲಿ ಮೂರು ಕಾಲನ್ನೂ ಎದೆಗೆ ಒತ್ತಿ ಹಿಡಿದು ತೆಗೆಯಿರಿ. ಈ ಉಪಕರಣದ ಅತ್ಯುತ್ತಮ ಬಳಕೆ ಬಹುಶಃ ಅದೇ.

ಯಕ್ಷಗಾನಕ್ಕೂ ಒತ್ತೆಕೋಲಕ್ಕೂ (ಕೆಂಡ ಹಾಯುವ ದೈವಕೋಲ) ಇದನ್ನು ಒಯ್ಯಲೇಬೇಡಿ. ರಂಗಸ್ಥಳದ ಹಲಗೆಯ ಅಂಚಿಗೆ ಇಟ್ಟರೆ ಚೆಂಡೆಯ ಪೆಟ್ಟು, ದಿಗಿಣದ ಕುಣಿತ ಎರಡೂ ಕಾಲಿಗೆ ಇಳಿಯುತ್ತವೆ. ವೇಷದ ಚಲನೆ ನಿಲ್ಲಿಸಲು ಹೇಗೂ 1/250 ಸೆಕೆಂಡ್ ಬೇಕು, ಅಷ್ಟು ವೇಗಕ್ಕೆ ಟ್ರೈಪಾಡ್ ಯಾಕೆ? ಕೋಲದಲ್ಲಿ ಕತ್ತಲು, ಬೆಂಕಿ, ಓಡುವ ಜನ. 20 ಸೆಂ.ಮೀ. ಎತ್ತರದ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಎಡವಿ ಬೀಳುವವರು ಕೆಂಡದ ಕಡೆಗೇ ಬೀಳಬಹುದು.

ಈಗಾಗಲೇ ಕೊಂಡಿದ್ದರೆ ಮನೆಯಲ್ಲೇ ಅಳೆಯಿರಿ: ಹಾಸಿಗೆಯ ಮೇಲೆ ಒಂದು ಹಲಗೆ, ಅದರ ಮೇಲೆ ಟ್ರೈಪಾಡ್, ನಿಮ್ಮ ಅತಿ ಭಾರದ ಲೆನ್ಸ್. ಲೆನ್ಸ್ ಎರಡು ಕಾಲುಗಳ ನಡುವೆ ಬರುವಂತೆ ಇಟ್ಟು ನಿಧಾನಕ್ಕೆ ಕೆಳಕ್ಕೆ ಬಗ್ಗಿಸುತ್ತ ಹೋಗಿ. ಹಿಂದಿನ ಪಾದ ಎಷ್ಟು ಡಿಗ್ರಿಗೆ ಮೇಲೇಳುತ್ತದೆ ಎಂದು ನೋಡಿ, ಫೋನಿನ ಲೆವೆಲ್ ಆಪ್ ಸಾಕು. 30 ಡಿಗ್ರಿಗೆ ಮುಂಚೆ ಎದ್ದರೆ ಆ ಲೆನ್ಸನ್ನು ಅದರ ಮೇಲೆ ಇಡಬಾರದು.

ಕಡಲ ಬದಿಯಿಂದ ಬಂದ ದಿನವೇ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆಯಿರಿ. ಹೆಡ್ಡನ್ನು ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಿರುಗುಟ್ಟುತ್ತದೆಂದು ಗುಂಡಿಗೆ ಎಣ್ಣೆ ಹಾಕಲೇಬೇಡಿ. ಕಾಲುಗಳನ್ನು ಬಿಚ್ಚಿಯೇ ಒಣಗಿಸಿ. ಮಡಚಿ ಬ್ಯಾಗಿಗೆ ತುರುಕಿದ್ದರ ಕೀಲಿನ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕೂರುತ್ತದೆ, ಅಂಥದ್ದನ್ನು ಒತ್ತಾಯದಿಂದ ಬಿಚ್ಚಲು ಹೋದಾಗ ಪ್ಲಾಸ್ಟಿಕ್ಕಿನ ಭುಜ ಬಿರಿಯುತ್ತದೆ.